ಫೆಬ್ರವರಿ ಒಂಬತ್ತರಿಂದ ಎಣಿಸಿ

ಮೊದಲ ದಿನ ಗೇಟಿನಲ್ಲಿ ನನ್ನ ಕೈವಾರ ತೆಗೆದಿಟ್ಟುಕೊಂಡರು. ಎರಡನೇ ದಿನ ಸ್ಟೀಲಿನ ಸ್ಕೇಲು. ಮೂರನೇ ದಿನ ಪೆನ್ಸಿಲ್ ಹೆರೆಯುವ ಶಾರ್ಪನರ್, ಅದರೊಳಗೆ ಬ್ಲೇಡ್ ಇರುತ್ತದಂತೆ. ನನ್ನದು ಸ್ವಲ್ಪ ಬಾಯಿ ಜೋರು. ಕಾಪುವಿನ ನಮ್ಮ ಇಗರ್ಜಿಯ ಸಭೆಯಲ್ಲಿ ನಾನು ಎದ್ದು ನಿಂತರೆ ಪಾದ್ರಿಗಳೇ ಗಡಿಯಾರ ನೋಡುತ್ತಾರೆ. ಆದರೂ ಈ ಮೂರಕ್ಕೂ ನಾನು ತುಟಿ ಬಿಚ್ಚಲಿಲ್ಲ. ಜೈಲು ಎಂದಮೇಲೆ ಅದಕ್ಕೊಂದು ಕಟ್ಟುನಿಟ್ಟು ಇರಬೇಕಾದದ್ದೇ. ನನ್ನ ಪಿತ್ತ ನೆತ್ತಿಗೇರಿದ್ದು ಕಂಪ್ಯೂಟರ್ ಕೋಣೆಯ ವಿಷಯದಲ್ಲಿ.

ಎಂಟು ಕಂಪ್ಯೂಟರುಗಳನ್ನು ಯಾರೋ ದಾನಿಗಳು ಕೊಟ್ಟಿದ್ದರು. ಉದ್ಘಾಟನೆಯೂ ಆಗಿತ್ತು. ಗೋಡೆಯ ಫ್ಲೆಕ್ಸಿನಲ್ಲಿ ಅತಿಥಿಗಳೆಲ್ಲ ಹಲ್ಲು ಕಿರಿದು ನಿಂತಿದ್ದರು, ಕತ್ತರಿಸಿದ ರಿಬ್ಬನ್ನಿನ ತುಂಡು ಬಾಗಿಲ ಚಿಲಕದಲ್ಲಿ ಇನ್ನೂ ನೇತಾಡುತ್ತಿತ್ತು. ಕೋಣೆಗೆ ಬೀಗ. ಕೀಲಿ ಯಾರ ಹತ್ತಿರ ಇದೆಯೋ ಅವರು ತರಬೇತಿಗೆ ಹೋಗಿದ್ದಾರೆ. ಯಾವಾಗ ಬರುತ್ತಾರೆ? "ಬರ್ತಾರೆ ಟೀಚರ್, ಬರ್ತಾರೆ. ನೀವು ಸದ್ಯಕ್ಕೆ ಬೋರ್ಡಿನಲ್ಲಿ ಕಲಿಸಿ," ಎಂದರು ಅಲ್ಲಿನ ಅಧಿಕಾರಿ. ಈಜು ಕಲಿಸಲು ಬಂದವಳಿಗೆ ಸದ್ಯಕ್ಕೆ ಅಂಗಳದಲ್ಲಿ ಕಲಿಸಿ ಎಂದ ಹಾಗಾಯಿತು.

ಮಂಗಳವಾರ ಮತ್ತು ಶುಕ್ರವಾರ ಮಧ್ಯಾಹ್ನ ಮಣಿಪಾಲದ ನನ್ನ ಕಾಲೇಜಿನ ತರಗತಿ ಮುಗಿಸಿ, ಎರಡು ಬಸ್ಸು ಬದಲಿಸಿ ಅಲ್ಲಿಗೆ ಹೋಗಬೇಕಿತ್ತು. ಐದು ತಿಂಗಳ ಕೋರ್ಸು. ಅರ್ಧ ಗಣಿತ, ಅರ್ಧ ಕೋಡಿಂಗ್, ಮೇ ಕೊನೆಗೆ ಪರೀಕ್ಷೆ, ಪಾಸಾದವರಿಗೆ ಸರ್ಟಿಫಿಕೇಟು. ಕಲಿಯಲು ಬಂದವರು ಹದಿನಾಲ್ಕು ಮಂದಿ. ಎಲ್ಲರೂ ವಿಚಾರಣಾಧೀನರು, ಅಂದರೆ ತಪ್ಪಿತಸ್ಥರೆಂದು ಕೋರ್ಟು ಇನ್ನೂ ಹೇಳಿರದವರು. ಸೇರುವಾಗ ನನ್ನಿಂದ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡಿದ್ದರು. ಯಾರ ಕೇಸನ್ನೂ ಕೇಳಬಾರದು, ಒಳಗಿನ ಸುದ್ದಿ, ಕಾಗದ ಯಾವುದನ್ನೂ ಹೊರಗೆ ಒಯ್ಯಬಾರದು, ತಪ್ಪಿದರೆ ತರಗತಿ ರದ್ದು. ಓದಿಯೇ ಸಹಿ ಹಾಕಿದ್ದೆ.

ಯಂತ್ರ ಇಲ್ಲದಿದ್ದರೆ ಬೇಡ, ಮನುಷ್ಯರಿದ್ದಾರಲ್ಲ ಎಂದುಕೊಂಡೆ. ಹದಿನಾಲ್ಕು ಜನರನ್ನೇ ಒಂದು ಕಂಪ್ಯೂಟರ್ ಮಾಡಿದೆ. ಒಬ್ಬರು ನಾನು ಬರೆದುಕೊಟ್ಟ ಪ್ರೋಗ್ರಾಮಿನ ಸಾಲುಗಳನ್ನು ಒಂದೊಂದಾಗಿ ಓದಬೇಕು. ಒಬ್ಬರು ಕೂಡುವುದು ಕಳೆಯುವುದು ಮಾಡಬೇಕು. "ಹೀಗಿದ್ದರೆ ಹೀಗೆ, ಇಲ್ಲದಿದ್ದರೆ ಹಾಗೆ" ಎಂಬ ಸಾಲು ಬಂದಾಗ ಎಡಕ್ಕೋ ಬಲಕ್ಕೋ ಕೈ ತೋರಿಸುವ ಕೆಲಸ ಮಲ್ಪೆಯಲ್ಲಿ ಬೋಟಿನ ಮೀನು ಏಲಂ ಕೂಗುತ್ತಿದ್ದವರೊಬ್ಬರದ್ದು. ದೊಡ್ಡ ಗಂಟಲು, ಸುಮ್ಮನಿರುವ ಜಾಯಮಾನವೇ ಅಲ್ಲ. "ಎಂತ ಟೀಚರ್, ಇದು ನಮ್ಮ ಏಲಂನ ಹಾಗೇ ಉಂಟಲ್ಲ? ರೇಟು ಹತ್ತಿದರೆ ಆ ಬದಿಗೆ, ಹತ್ತದಿದ್ದರೆ ಐಸಿಗೆ!" ಎಂದರು. ಇಡೀ ತಿಂಗಳು ನಾನು ಹೇಳಬೇಕೆಂದಿದ್ದನ್ನು ಅವರು ಒಂದೇ ಮಾತಿನಲ್ಲಿ ಹೇಳಿ ಮುಗಿಸಿದ್ದರು.

ಮೆಮೊರಿಯ ಕೆಲಸ ಮಾತ್ರ ಯಾರಿಗೂ ಬೇಡವಾಗಿತ್ತು. ಯಾವ ಹೆಸರಿಗೆ ಯಾವ ಸಂಖ್ಯೆ ಎಂಬುದನ್ನು ಕಾಗದವಿಲ್ಲದೆ ತಲೆಯಲ್ಲಿ ಇಟ್ಟುಕೊಳ್ಳಬೇಕು, ಸಂಖ್ಯೆ ಬದಲಾದರೆ ಹಳೆಯದನ್ನು ಮರೆತು ಹೊಸದನ್ನು ನೆನಪಿಡಬೇಕು. ಅದನ್ನು ಒಪ್ಪಿಕೊಂಡವರು ಬಾಗಲಕೋಟೆ ಕಡೆಯಿಂದ ಬಂದು ಕಾರ್ಕಳದ ಕಲ್ಲುಕೋರೆಯಲ್ಲಿ ಗುಂಡಿ ಕೊರೆಯುತ್ತಿದ್ದವರು. ಮೂವತ್ತೈದರ ಆಸುಪಾಸು, ಮಾತು ಕಡಿಮೆ. ಇಪ್ಪತ್ತು ಹೆಸರು ಕೊಟ್ಟರೂ ಒಂದೂ ತಪ್ಪಲಿಲ್ಲ. ಹೇಗೆ ಎಂದು ಕೇಳಿದೆ. "ಕ್ವಾರಿಯಾಗ ಯಾವ ಗುಂಡಿಗೆ ಎಷ್ಟು ಮದ್ದು ತುಂಬೇವಿ ಅನ್ನೂದು ತಲ್ಯಾಗ ಇರಬೇಕ್ರಿ ಟೀಚರ್. ಮರತ್ರ ಕೈ ಹೋಗ್ತಾವ," ಎಂದರು.

ಒಂದೇ ಕೆಲಸವನ್ನು ಎಣಿಸಿ ಮತ್ತೆ ಮತ್ತೆ ಮಾಡಿಸುವ ಲೂಪ್ ಹೇಳಿಕೊಟ್ಟ ದಿನ ಅವರೇ ಎಲ್ಲರಿಗೂ ಮೇಷ್ಟರಾದರು. ಒಂದರಿಂದ ಹತ್ತರವರೆಗೆ ಎಂದು ಬರೆದರೆ ನಾನು ಕಲಿಸುತ್ತಿದ್ದ ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಒಂಬತ್ತಕ್ಕೇ ನಿಲ್ಲುತ್ತದೆ. ಮಣಿಪಾಲದ ನನ್ನ ಇಂಜಿನಿಯರಿಂಗ್ ವಿದ್ಯಾರ್ಥಿಗಳೂ ಮುಗ್ಗರಿಸುವ ಜಾಗ ಅದು. ಅವರು ಎದ್ದು ನಿಂತು, "ಹತ್ತಡಿ ಉದ್ದದ ಕಲ್ಲಿಗೆ ಅಡಿಗೊಂದು ಗುಂಡಿ ಹಾಕಿದ್ರ ಎಷ್ಟ ಗುಂಡಿ?" ಎಂದು ಕೇಳಿದರು. ಏಲಂನವರು "ಹತ್ತು, ಮತ್ತೆಂತ!" ಎಂದು ಕೂಗಿದರು. "ಹನ್ನೊಂದು. ಎರಡೂ ತುದಿ ಎಣಸಬೇಕಾ, ಒಂದ ತುದಿ ಬಿಡಬೇಕಾ, ಅದನ್ನ ಮೊದಲ ಕೇಳ್ಕೊಂಡ ಎಣಸಬೇಕು," ಎಂದು ಹೇಳಿ ಕುಳಿತರು. ಇಪ್ಪತ್ತೆಂಟು ವರ್ಷ ಪಾಠ ಹೇಳಿದ ನನಗೆ ಇಷ್ಟು ಒಳ್ಳೆಯ ಉದಾಹರಣೆ ಹೊಳೆದಿರಲಿಲ್ಲ.

ಮೂರನೇ ವಾರ ಕಳೆದ ಮೇಲೆ ಕೀಲಿ ಬಂತು. ಎಂಟರಲ್ಲಿ ಎರಡು ಕಂಪ್ಯೂಟರು ಆನ್ ಆಗಲೇ ಇಲ್ಲ. ಉಳಿದ ಆರರಲ್ಲಿ ಕೆಲಸ ಶುರು ಮಾಡಿದೆವು.

ಇನ್ನು ನನ್ನ ತಪ್ಪು. ಇದನ್ನು ಬಿಟ್ಟು ಬರೆದರೆ ನಾನು ಬೈಯುವ ಅಧಿಕಾರಿಗೂ ನನಗೂ ವ್ಯತ್ಯಾಸವಿರುವುದಿಲ್ಲ.

ಮಾರ್ಚ್ ಹತ್ತು, ಮಂಗಳವಾರ. ತರಗತಿ ಮುಗಿದು ನಾನು ಚೀಲ ತುಂಬಿಕೊಳ್ಳುತ್ತಿದ್ದಾಗ ಕೋರೆಯವರು ಹತ್ತಿರ ಬಂದರು. "ಟೀಚರ್, ಒಂದ ತಾರೀಖಿನ್ಯಾಗ ಇನ್ನೊಂದ ತಾರೀಖು ಕಳಿಯೂದು ಹ್ಯಾಂಗ್ರಿ? ಎಷ್ಟ ದಿನ ಆತು ಅಂತ ಇದ ಹೇಳ್ತದೇನ್ರಿ?" ಎಂದು ಕೇಳಿದರು. ಹೇಳುತ್ತದೆ ಎಂದೆ. ಎರಡೇ ಸಾಲಿನ ಕೆಲಸ, ನಿಂತಲ್ಲೇ ತೋರಿಸಬಹುದಿತ್ತು. ಆದರೆ ನಾನು ಮೇಷ್ಟರ ಜಾತಿ ನೋಡಿ! ಪೋರ್ಶನ್ ಮೀರಿ ಹೆಜ್ಜೆ ಇಡುವವಳಲ್ಲ. ಮೊದಲು ಲಿಸ್ಟ್ ಆಗಬೇಕು, ಆಮೇಲೆ ಫಂಕ್ಷನ್, ತಾರೀಖು ಬರುವುದು ಏಳನೇ ಪಾಠದಲ್ಲಿ. "ಅದು ಮುಂದೆ ಬರ್ತದೆ, ಈಗಲೇ ಎಂತಕ್ಕೆ ಅವಸರ?" ಎಂದೆ. ಜೈಲಿನಲ್ಲಿ ಕುಳಿತ ಮನುಷ್ಯನಿಗೆ ಅವಸರ ಎಂತಕ್ಕೆ ಎಂದು ಕೇಳಿದ ಮಹಾತಾಯಿ ನಾನು. ಅವರು "ಆತ್ರಿ" ಎಂದು ಹೋದರು.

ಏಳನೇ ಪಾಠ ಬಂದದ್ದು ಏಪ್ರಿಲ್ ಇಪ್ಪತ್ತೊಂದಕ್ಕೆ. ಎರಡು ತಾರೀಖು ಕೊಟ್ಟು ನಡುವಿನ ದಿನ ಎಣಿಸಿ ಎಂದೆ. ಹೆಚ್ಚಿನವರು ಹುಟ್ಟಿದ ತಾರೀಖು ಹಾಕಿದರು, ತಾವು ಎಷ್ಟು ಸಾವಿರ ದಿನ ಬದುಕಿದ್ದೇವೆ ಎಂದು ನೋಡಿ ನಕ್ಕರು. ಕೋರೆಯವರ ಪರದೆಯಲ್ಲಿ ಹೋದ ವರ್ಷದ ಫೆಬ್ರವರಿ ಒಂಬತ್ತು ಮತ್ತು ಅಂದಿನ ತಾರೀಖು ಇತ್ತು. ಉತ್ತರ ನಾನೂರ ಮೂವತ್ತಾರು. ಕೆಳಗಿನ ಸಾಲಿನಲ್ಲಿ ಅವರೇ ಮುನ್ನೂರ ಅರವತ್ತೈದು ಕಳೆದಿದ್ದರು. ಉತ್ತರ ಎಪ್ಪತ್ತೊಂದು.

"ಎಪ್ಪತ್ತೊಂದು ರೀ ಟೀಚರ್," ಎಂದರು. "ಒಳಗ ಬಂದ ದಿನ ಬಿಟ್ಟು ಎಣಿಸೀನಿ. ಹಿಡದ್ರ ಎಪ್ಪತ್ತೆರಡು."

ನನಗೆ ತಲೆಬುಡ ತಿಳಿಯಲಿಲ್ಲ. ಬಿಡಿಸಿ ಹೇಳಿದವರು ಏಲಂನವರು. "ಟೀಚರ್, ನೀವು ಕೇಸು ಕೇಳಬಾರದು, ಸರಿ. ನಾವು ಹೇಳಬಾರದು ಅಂತ ಇಲ್ಲವಲ್ಲ? ಇವರ ಕಲಮಿಗೆ ಹೆಚ್ಚೆಂದರೆ ಮೂರು ವರ್ಷ ಶಿಕ್ಷೆ. ಕೋರೆಯಲ್ಲಿ ಹೊಡೆದಾಟ ಆದದ್ದು. ಇದೇ ಮೊದಲ ಕೇಸು, ಬೇರೆ ಎಂತದ್ದೂ ಇಲ್ಲ. ಜಾಮೀನಿಗೆ ನಿಲ್ಲಲಿಕ್ಕೆ ಈ ಊರಿನಲ್ಲಿ ಇವರಿಗೆ ಯಾರು ಉಂಟು? ಹೊಸ ಕಾನೂನಿನಲ್ಲಿ ಇಂಥವರು ಮೂರರಲ್ಲಿ ಒಂದು ಪಾಲು ಒಳಗೆ ಕಳೆದರೆ ಅವರದ್ದೇ ಮುಚ್ಚಳಿಕೆ ಬರೆಸಿಕೊಂಡು ಬಿಡಬೇಕು ಅಂತ ಉಂಟು. ಜನವರಿಯಲ್ಲಿ ವಕೀಲರು ಬಂದು ಭಾಷಣ ಮಾಡಿ ಹೋಗಿದ್ದಾರೆ. ಮೂರರಲ್ಲಿ ಒಂದು ಪಾಲು ಅಂದರೆ ಒಂದು ವರ್ಷ ಅಲ್ವಾ? ಅದು ಮುಗಿದು ಎಪ್ಪತ್ತೊಂದು ದಿನ ಆಯಿತು ಮಾರಾಯ್ರೇ!"

"ಹಾಗಾದ್ರೆ ಯಾಕೆ ಬಿಟ್ಟಿಲ್ಲ?"

"ಅವರ ಲೆಕ್ಕದಾಗ ನಾ ಬಂದಿದ್ದ ಜೂನ್ ಹದಿನೇಳಕ್ಕರಿ," ಎಂದರು ಕೋರೆಯವರು. ಬಂಧಿಸಿದ ಮೇಲೆ ಮೊದಲ ನಾಲ್ಕು ತಿಂಗಳು ಅವರನ್ನು ಬೇರೊಂದು ಸಣ್ಣ ಜೈಲಿನಲ್ಲಿ ಇಟ್ಟಿದ್ದರು. ಅಲ್ಲಿ ಜಾಗ ಸಾಲದೆ ಜೂನ್ ಹದಿನೇಳಕ್ಕೆ ಇಲ್ಲಿಗೆ ಕಳಿಸಿದರು. ಇಲ್ಲಿನ ರಿಜಿಸ್ಟರಿನಲ್ಲಿ 'ಒಳಬಂದ ದಿನ' ಎಂದರೆ ಈ ಗೇಟು ದಾಟಿದ ದಿನ. ಹಿಂದಿನ ನೂರ ಇಪ್ಪತ್ತೆಂಟು ದಿನ ಆ ಮನುಷ್ಯ ಎಲ್ಲಿದ್ದ? ಕಾಗದದ ಪ್ರಕಾರ ಎಲ್ಲೂ ಇರಲಿಲ್ಲ. ಮಾರ್ಚಿನಲ್ಲಿ ಬಂದ ಉಚಿತ ಕಾನೂನು ನೆರವಿನ ವಕೀಲೆಗೂ ಅವರು ಹೇಳಿದ್ದರಂತೆ. ಆಕೆ ಜೈಲಿನ ಪಟ್ಟಿ ನೋಡಿ, ನಿಮ್ಮದು ಜೂನಿನಲ್ಲಿ ಬರುತ್ತದೆ ಎಂದು ಹೋಗಿದ್ದರು. ತಾನೇ ತಪ್ಪು ಎಣಿಸಿರಬಹುದು ಎಂಬ ಅನುಮಾನ ಹುಟ್ಟಿ, ಕಂಪ್ಯೂಟರಿನಲ್ಲಿ ಒಮ್ಮೆ ನೋಡೋಣ ಎಂದು ನನ್ನನ್ನು ಕೇಳಿದ್ದು ಅದರ ಮರುವಾರ.

ಮಾರ್ಚ್ ಹತ್ತರಿಂದ ಏಪ್ರಿಲ್ ಇಪ್ಪತ್ತೊಂದು, ನಲವತ್ತೆರಡು ದಿನ. ಎಪ್ಪತ್ತೊಂದರಲ್ಲಿ ನಲವತ್ತೆರಡು ನನ್ನ ಪೋರ್ಶನ್ನಿನ ಪಾಲು. ನನಗೆ ನಾಚಿಕೆಯಾಯಿತು, ಅದರ ಹಿಂದೆಯೇ ಮೈಯೆಲ್ಲ ಉರಿಯುವ ಸಿಟ್ಟು ಬಂತು. ಎರಡನ್ನೂ ಹೊತ್ತುಕೊಂಡು ಕಚೇರಿಗೆ ಹೋದೆ.

ಅಧಿಕಾರಿ ಚಹಾ ಕುಡಿಯುತ್ತಿದ್ದರು. ವಿಷಯ ಹೇಳಿದೆ. ಅವರು ಪಕ್ಕದ ಮೇಜಿನ ಗುಮಾಸ್ತರ ಕಡೆ ನೋಡಿದರು. ಗುಮಾಸ್ತರು ಗುಂಡಿ ಒತ್ತಿ, "ಸಿಸ್ಟಮಿನಲ್ಲಿ ಜೂನ್ ಹದಿನೇಳು ತೋರಿಸ್ತದೆ ಸರ್," ಎಂದರು.

"ತೋರಿಸದೆ ಎಂತ ಮಾಡ್ತದೆ? ನೀವು ತುಂಬಿಸಿದ್ದೇ ಅದನ್ನಲ್ಲವಾ? ಬಂಧನದ ದಿನ ಎಲ್ಲಿ ಉಂಟು, ಅದನ್ನು ತೋರಿಸಿ," ಎಂದೆ.

"ಆ ಕಾಲಮ್ ಖಾಲಿ ಉಂಟು ಮೇಡಂ."

ಖಾಲಿ! ಒಬ್ಬ ಮನುಷ್ಯನ ಬಿಡುಗಡೆ ನಿಂತಿರುವ ಕಾಲಮ್ಮು ಖಾಲಿ ಎನ್ನುವುದನ್ನು, ಮೊಸರು ಮುಗಿದಿದೆ ಎನ್ನುವ ಹೋಟೆಲಿನವರ ಹಾಗೆ ಹೇಳಿದರು. ಹಾಗಾದರೆ ಕೋರ್ಟು ಕಳಿಸಿದ ಮೊದಲ ವಾರಂಟ್ ತೆಗೆಯಿರಿ, ಅದರಲ್ಲಿ ತಾರೀಖು ಇರುತ್ತದೆ ಎಂದೆ.

ಅಧಿಕಾರಿ ಲೋಟ ಕೆಳಗಿಟ್ಟರು. "ಟೀಚರ್, ಫೈಲು ಹೊರಗಿನವರಿಗೆ ತೋರಿಸುವ ಹಾಗಿಲ್ಲ. ನೀವು ಲೆಕ್ಕ ಕಲಿಸಲಿಕ್ಕೆ ಬಂದವರು, ಕಲಿಸಿ. ಕೇಸು ನೋಡ್ಲಿಕ್ಕೆ ಕೋರ್ಟು ಉಂಟು. ಜೂನಿನಲ್ಲಿ ಹೇಗೂ ಅವನ ಹೆಸರು ಪಟ್ಟಿಗೆ ಬರ್ತದೆ. ಎರಡು ತಿಂಗಳಲ್ಲಿ ಎಂತ ಆಗ್ತದೆ?"

"ನಿಮ್ಮನ್ನು ಎರಡು ತಿಂಗಳು ಆ ಕೋಣೆಯೊಳಗೆ ಹಾಕಿ ಬೀಗ ಹಾಕಿದರೆ ಎಂತ ಆಗ್ತದೆ?" ಎಂದು ಕೇಳಿಬಿಟ್ಟೆ.

ಅವರು ಮೇಜಿನ ಖಾನೆಯಿಂದ ನಾನು ಸಹಿ ಹಾಕಿದ ಕಾಗದ ತೆಗೆದು ನನ್ನ ಮುಂದೆ ಇಟ್ಟರು. ಬೆರಳು ಕೊನೆಯ ಸಾಲಿನ ಮೇಲಿತ್ತು. ತಪ್ಪಿದರೆ ತರಗತಿ ರದ್ದು.

ಆ ಕಾನೂನನ್ನು ನಾನು ಆಮೇಲೆ ಓದಿದೆ. ಗಡುವು ಮುಗಿದ ಕೂಡಲೇ ಕೋರ್ಟಿಗೆ ಬರೆದು ತಿಳಿಸಬೇಕಾದ ಹೊಣೆ ಜೈಲಿನ ಮೇಲಧಿಕಾರಿಯದ್ದೇ. ಕೈದಿ ಕೇಳಬೇಕಾಗಿಲ್ಲ, ಲೆಕ್ಕದ ಟೀಚರಂತೂ ಕೇಳಬೇಕಾಗಿಯೇ ಇಲ್ಲ. ಆದರೆ ಹೊಣೆ ಯಾರದ್ದೋ ಅವರೇ ನನಗೆ ಕಾಗದ ತೋರಿಸುತ್ತಿದ್ದಾರೆ!

ಮೂರು ದಿನ ನನಗೆ ಅನ್ನ ರುಚಿಸಲಿಲ್ಲ. ಸುದ್ದಿ ಹೊರಗೆ ಒಯ್ದರೆ ಹದಿನಾಲ್ಕು ಜನರ ತರಗತಿ ನಿಲ್ಲುತ್ತದೆ, ಪರೀಕ್ಷೆಗೆ ಐದೇ ವಾರ. ಅದರಲ್ಲೂ ಏಲಂನವರು ಆ ಸರ್ಟಿಫಿಕೇಟಿನ ಮೇಲೆ ಜೀವ ಇಟ್ಟಿದ್ದರು. ಯಾವತ್ತಾದರೂ ಹೊರಗೆ ಹೋದರೆ ಐಸ್ ಪ್ಲಾಂಟಿನ ಆಫೀಸಿನಲ್ಲಿ ಕುಳಿತು ಕಂಪ್ಯೂಟರ್ ಒತ್ತುತ್ತೇನೆ, ಮತ್ತೆ ಗಂಟಲು ಹರಿದುಕೊಳ್ಳುವುದಿಲ್ಲ ಎಂದು ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದರು. ಒಬ್ಬರ ದಿನಗಳಿಗಾಗಿ ಹದಿಮೂರು ಜನರ ಪರೀಕ್ಷೆ ಕಳೆಯುವ ಹಕ್ಕು ನನಗೆ ಯಾರು ಕೊಟ್ಟರು?

ಶುಕ್ರವಾರ ಇದನ್ನು ತರಗತಿಯ ಮುಂದೆಯೇ ಇಟ್ಟೆ. ಹೊರಗೆ ಹೋಗಿ ಹೇಳಿದರೆ ನಾನು ಮತ್ತೆ ಬರಲಿಕ್ಕಿಲ್ಲ, ಪರೀಕ್ಷೆಯೂ ಇರಲಿಕ್ಕಿಲ್ಲ ಎಂದೆ. ಕೋರೆಯವರೇ ಮೊದಲು ಮಾತಾಡಿದರು. "ಬ್ಯಾಡ್ರಿ ಟೀಚರ್. ಜೂನ್ ಮಟ ಇರ್ತೀನಿ. ಎಲ್ಲಾರದ್ದೂ ಯಾಕ ಹಾಳ ಮಾಡೂದು?"

"ನೀ ಸುಮ್ಮನೆ ಕೂರು ಮಾರಾಯ!" ಎಂದು ಏಲಂನವರು ಗದರಿಸಿದರು. ಅವರ ಮುಖ ಕೆಂಪಾಗಿತ್ತು. "ಟೀಚರ್, ಕ್ಲಾಸು ಹೋದರೆ ಹೋಗಲಿ. ದಿನ ಎಣಿಸಲಿಕ್ಕೆ ಕಲಿತದ್ದು ಮತ್ತೆ ಎಂತಕ್ಕೆ? ಪರೀಕ್ಷೆ ಬರೆಯಲಿಕ್ಕಾ?" ಉಳಿದವರೂ ತಲೆಯಾಡಿಸಿದರು. ಒಬ್ಬರು ಎದ್ದು ಫ್ಯಾನಿನ ವೇಗ ಹೆಚ್ಚಿಸಿ ಬಂದು ಕುಳಿತರು. ನಾನು ಆ ದಿನದ ಪಾಠ ಪೂರ್ತಿ ಮಾಡಿಯೇ ಹೊರಟೆ.

ಸೋಮವಾರ ಕಾಲೇಜಿಗೆ ರಜೆ ಹಾಕಿ ಉಡುಪಿಗೆ ಹೋಗಿ ಆ ವಕೀಲೆಯನ್ನು ಹುಡುಕಿದೆ. ಜಗಳಕ್ಕೆ ಸೊಂಟ ಕಟ್ಟಿಕೊಂಡೇ ಹೋಗಿದ್ದೆ. ಆಕೆ ಎಲ್ಲವನ್ನೂ ಕೇಳಿ, "ಜೈಲಿನ ಪಟ್ಟಿಯನ್ನೇ ನಂಬಿಬಿಟ್ಟೆ ಟೀಚರ್. ಕಡತ ನೋಡಬೇಕಿತ್ತು. ತಪ್ಪು ನಂದೇ," ಎಂದರು. ಈ ಇಡೀ ಪ್ರಕರಣದಲ್ಲಿ ತಪ್ಪು ತನ್ನದು ಎಂದ ಒಬ್ಬರು ಸಿಕ್ಕಿದ್ದಕ್ಕೆ ನನ್ನ ಅರ್ಧ ಸಿಟ್ಟು ಇಳಿಯಿತು. ಆಕೆ ಕಾರ್ಕಳದ ಕೋರ್ಟಿನಲ್ಲಿ ಕಡತದ ನಕಲಿಗೆ ಅರ್ಜಿ ಹಾಕಿದರು. ಮೊದಲ ಆದೇಶ ಸಿಕ್ಕಿತು. ಬಂಧಿಸಿದ ದಿನ ಫೆಬ್ರವರಿ ಒಂಬತ್ತು, ಅದೇ ಸಂಜೆ ನ್ಯಾಯಾಂಗ ಬಂಧನಕ್ಕೆ. ಕೋರೆಯವರ ಮೆಮೊರಿಯಲ್ಲಿ ಇದ್ದದ್ದೇ ಅಲ್ಲೂ ಇತ್ತು.

ಅಷ್ಟರಲ್ಲಿ ಮೇ ಮೊದಲ ವಾರ ಕಾಲೇಜಿಗೆ ಪತ್ರ ಬಂತು. ಭದ್ರತೆಯ ಕಾರಣದಿಂದ ತರಗತಿಗಳನ್ನು ಮುಂದಿನ ಸೂಚನೆಯವರೆಗೆ ನಿಲ್ಲಿಸಲಾಗಿದೆ. ಎಂತ ಭದ್ರತೆ? ನನ್ನ ಕೈವಾರ ಗೇಟಿನಲ್ಲೇ ಇತ್ತು, ಇಂದಿಗೂ ಅಲ್ಲೇ ಇದೆ. ಒಳಗೆ ಹೋದದ್ದು ಒಂದು ಕಳೆಯುವ ಲೆಕ್ಕ ಮಾತ್ರ.

ಅರ್ಜಿ, ಆಕ್ಷೇಪಣೆ, ಮುಂದಿನ ದಿನಾಂಕ ಎಂದು ಎಳೆದು ಎಳೆದು ಮೇ ಇಪ್ಪತ್ತೊಂಬತ್ತಕ್ಕೆ ಕೋರೆಯವರು ಹೊರಬಂದರು. ಫೆಬ್ರವರಿ ಒಂಬತ್ತಕ್ಕೆ ಬಿಡಬೇಕಾಗಿದ್ದವರು. ನೂರ ಒಂಬತ್ತು ದಿನ. ಆದೇಶದ ಎರಡು ಪುಟವನ್ನೂ ವಕೀಲೆ ನನಗೆ ಓದಲು ಕೊಟ್ಟರು. ಬಿಡಬೇಕು ಎಂದಿತ್ತು. ಆ ನೂರ ಒಂಬತ್ತರ ಬಗ್ಗೆ ಒಂದು ಸಾಲಾದರೂ ಇದೆಯೇ ಎಂದು ಎರಡು ಸಲ ಹುಡುಕಿದೆ. ಇರಲಿಲ್ಲ.

ಜೂನಿನಲ್ಲಿ ಅವರ ಕೇಸು ಕಾರ್ಕಳದಲ್ಲಿ ವಿಚಾರಣೆಗೆ ಬಂದ ದಿನ, ಟೀಚರನ್ನು ಕಾಣಬೇಕಂತೆ ಎಂದು ವಕೀಲೆ ಫೋನ್ ಮಾಡಿದರು. ಅಂದು ಬೆಳಿಗ್ಗೆಯೇ ಅಂಚೆಯಲ್ಲಿ ನನಗೊಂದು ದಪ್ಪ ಲಕೋಟೆ ಬಂದಿತ್ತು. ಬಂಗಾರದ ಅಂಚಿನ ಅಭಿನಂದನಾ ಪತ್ರ. ಬಂದಿಗಳ ಬಾಳಿಗೆ ಗಣಿತದ ಬೆಳಕು ಚೆಲ್ಲಿದ್ದಕ್ಕಂತೆ, ಅಧಿಕಾರಿಯ ಸಹಿ, ಮೊಹರು. ನಡೆಸಲು ಬಿಡದ ಪರೀಕ್ಷೆಗೆ ಅಭಿನಂದನೆ! ಹರಿದು ಬಿಸಾಡಬೇಕೆಂದು ಹೊರಟವಳು ಬಸ್ಸು ಬಂತೆಂದು ಚೀಲಕ್ಕೆ ತುರುಕಿಕೊಂಡು ಹೋದೆ.

ಕಾರ್ಕಳದ ಬಸ್‌ಸ್ಟ್ಯಾಂಡಿನ ಬೆಂಚಿನಲ್ಲಿ ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿ ಕುಳಿತಿದ್ದರು. ಹಿಂದಿನ ದಿನವೇ ಊರಿನಿಂದ ಬಂದದ್ದಂತೆ. ನಾನು ಮೊದಲು ಕ್ಷಮೆ ಕೇಳಿದೆ, ಮಾರ್ಚಿನ ಆ ಮಂಗಳವಾರಕ್ಕೆ. ಅವರು ನೆಲ ನೋಡಿಕೊಂಡು, "ಆವತ್ತ ಮನಸಿಗೆ ಬ್ಯಾಸರ ಆಗಿತ್ರಿ. ಸುಳ್ಳ್ಯಾಕ ಹೇಳ್ಲಿ," ಎಂದರು. ಆಮೇಲೆ ತಲೆ ಎತ್ತಿ, "ಕಾಗದ ಪೆನ್ನ ಅದಾವೇನ್ರಿ? ಬರ್ಕೊಳ್ರಿ," ಎಂದರು.

"ಎಂತ ಬರೆಯುವುದು?"

"ನಾ ಹೊರಗ ಬರೂಮುಂದ ಒಳಗಿನಾವ್ರು ಹೇಳಿ ಕಳಸ್ಯಾರ. ಗೇಟಿನ್ಯಾಗ ಚೀಟಿ ಬಿಡೂದಿಲ್ರಿ. ಎಲ್ಲಾ ತಲ್ಯಾಗ ಇಟಗೊಂಡ ಬಂದೀನಿ."

ಚೀಲಕ್ಕೆ ಕೈ ಹಾಕಿದರೆ ಸಿಕ್ಕಿದ್ದು ಆ ಅಭಿನಂದನಾ ಪತ್ರ ಒಂದೇ. ಅದನ್ನು ಮಗುಚಿ ತೊಡೆಯ ಮೇಲೆ ಇಟ್ಟುಕೊಂಡೆ. ಅವರು ಕಣ್ಣು ಮುಚ್ಚಿ ಶುರು ಮಾಡಿದರು. ಹೆಸರು, ಬಂಧಿಸಿದ ದಿನ, ಈ ಜೈಲಿಗೆ ತಂದ ದಿನ, ಕಲಮಿಗೆ ಎಷ್ಟು ವರ್ಷ. ಒಟ್ಟು ಒಂಬತ್ತು ಜನ. ಬಸ್ಸಿನವರು ಮೂಡುಬಿದಿರೆ, ಹೆಬ್ರಿ ಎಂದು ಕೂಗುತ್ತಿದ್ದರೂ ಅವರು ಒಂದೇ ಒಂದು ತಾರೀಖಿಗೂ ತಡವರಿಸಲಿಲ್ಲ.

ಪಟ್ಟಿ ಮಾಡಿಸಿದ್ದು ಏಲಂನವರಂತೆ, ಬ್ಯಾರಕ್ಕಿನಲ್ಲಿ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕೇಳಿ. ಅವರ ಹೆಸರು ಬರಲಿಲ್ಲವಲ್ಲ ಎಂದೆ. "ಅವರದು ದೊಡ್ಡ ಕೇಸ್ರಿ, ಜೀವಾವಧಿ ಕಲಮು. ಈ ಕಾನೂನು ಅವರಿಗೆ ತಾಗೂದಿಲ್ಲ," ಎಂದರು. ಹಾಗೆಂದು ಏಲಂನವರಿಗೆ ಜನವರಿಯಿಂದಲೇ ಗೊತ್ತಿತ್ತು. ತನಗೆ ಏನೂ ಸಿಗದ ಲೆಕ್ಕಕ್ಕಾಗಿ ಅವರು ಸರ್ಟಿಫಿಕೇಟು ಬಿಟ್ಟುಕೊಟ್ಟಿದ್ದರು. ನನ್ನ ಕಣ್ಣು ತುಂಬಿ ಬರೆದ ಸಾಲುಗಳು ಮಸುಕಾದವು.

ಬಸ್ಸಿನಲ್ಲಿ ಉಡುಪಿಗೆ ಬರುವಷ್ಟರಲ್ಲಿ ಒಂಬತ್ತೂ ಲೆಕ್ಕ ಮಾಡಿ ಮುಗಿಸಿದ್ದೆ. ಮೂವರ ಗಡುವು ಆಗಲೇ ದಾಟಿತ್ತು. ಮೂವರೂ ಬೇರೆ ಜೈಲಿನಿಂದ ಬಂದವರು. ನೇರ ವಕೀಲೆಯ ಕಚೇರಿಗೆ ಹೋಗಿ ಪತ್ರವನ್ನು ಮೇಜಿನ ಮೇಲೆ ಇಟ್ಟೆ.

ಆಕೆ ಹೆಸರುಗಳನ್ನೆಲ್ಲ ಓದಿದರು. ಹಾಳೆ ಇಷ್ಟು ದಪ್ಪ ಯಾಕೆ ಎಂದು ಮಗುಚಿದರು, ಬಂಗಾರದ ಅಂಚು, ಮೊಹರು, ಸಹಿ ಎಲ್ಲವನ್ನೂ ನೋಡಿ ನನ್ನ ಮುಖ ನೋಡಿದರು.

"ಇದನ್ನು ಅರ್ಜಿಯ ಜೊತೆ ಇಡಬೇಕಾಗ್ತದೆ. ಯಾವ ಬದಿ ಜೆರಾಕ್ಸ್ ಮಾಡಿಸ್ಲಿ ಟೀಚರ್?"

"ಎರಡೂ ಬದಿ," ಎಂದೆ.